ತೋಡಿಲ್ಲದ ಟೈರು: ರಸ್ತೆ ಮತ್ತು ಪಂದ್ಯಪಥಗಳ ನಡುವಣ ಒಂದು ಚರಿತ್ರೆ

1

ವಾಹನಗಳ ಚರಿತ್ರೆಯನ್ನು ಬರೆದವರು ಯಂತ್ರದ ಬೆಳವಣಿಗೆಗೆ ಕೊಟ್ಟಷ್ಟು ಗಮನವನ್ನು ಚಕ್ರವು ನೆಲವನ್ನು ಮುಟ್ಟುವ ಎಡೆಗೆ ಕೊಟ್ಟಿಲ್ಲ. ಮೋಟಾರುಕಾರಿನ ಒಂದೊಂದು ಟೈರೂ ಯಾವುದೇ ಕ್ಷಣದಲ್ಲಿ ನೆಲವನ್ನು ಮುಟ್ಟಿರುವ ಸ್ಥಳವು ಹೆಚ್ಚುಕಡಿಮೆ ಒಂದು ಅಂಗೈಯಷ್ಟು. ಕಾರಿನ ವೇಗ, ಅದರ ತಿರುವು, ಅದರ ನಿಲುಗಡೆ, ಒಳಗೆ ಕುಳಿತವರ ಪ್ರಾಣ, ಎಲ್ಲವೂ ಈ ನಾಲ್ಕು ಅಂಗೈಗಳ ಮೇಲೆ ನಿಂತಿವೆ. ಆದಕಾರಣ ಆ ಅಂಗೈಗಳ ಮೇಲಿನ ಗೆರೆಗಳನ್ನು ಓದುವುದು ಚರಿತ್ರೆಯ ವಿದ್ಯಾರ್ಥಿಗೆ ಅನುಚಿತವಾದ ಕೆಲಸವಲ್ಲವೆಂದು ನಾವು ಭಾವಿಸುತ್ತೇವೆ.

ಪ್ರಕೃತ ಪ್ರಬಂಧಕ್ಕೆ ನಿಮಿತ್ತವಾದುದು ಒಂದು ಸಣ್ಣ ಪ್ರಶ್ನೆ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು, ರಸ್ತೆಯಲ್ಲಿ ಓಡಿಸುವ ತಮ್ಮ ಕಾರನ್ನೇ ರಜಾದಿನಗಳಲ್ಲಿ ಪಂದ್ಯಪಥಕ್ಕೆ ಕೊಂಡೊಯ್ಯುವ ಹವ್ಯಾಸವುಳ್ಳವರು, ನಮ್ಮನ್ನು ಹೀಗೆ ಕೇಳಿದರು: “ಪಂದ್ಯದ ಕಾರುಗಳಿಗೆ ತೋಡೇ ಇಲ್ಲದ ನುಣುಪು ಟೈರುಗಳನ್ನು ಹಾಕುತ್ತಾರೆ, ಅವು ನೆಲವನ್ನು ಹೆಚ್ಚು ಬಿಗಿಯಾಗಿ ಹಿಡಿಯುತ್ತವೆ ಎನ್ನುತ್ತಾರೆ. ನಮ್ಮ ಕಾರುಗಳಲ್ಲಾದರೋ ಟೈರು ಬೋಳಾಯಿತೆಂದರೆ ದಂಡ ಹಾಕುತ್ತಾರೆ. ಇವೆರಡರಲ್ಲಿ ಯಾವುದು ಸರಿ ಸಾರ್?” ಪ್ರಶ್ನೆಯು ಯಂತ್ರಶಾಸ್ತ್ರಕ್ಕೆ ಸೇರಿದಂತೆ ಕಾಣುವುದಾದರೂ ಉತ್ತರವು ಬಹುಮಟ್ಟಿಗೆ ಚರಿತ್ರೆಯಲ್ಲಿ ಅಡಗಿದೆ. ಟೈರಿನ ಮೇಲಿನ ತೋಡು ಯಾವಾಗ, ಯಾವ ಕಾರಣಕ್ಕೆ ಬಂದಿತು, ಎಲ್ಲಿ, ಏಕೆ ಮರೆಯಾಯಿತು ಎಂಬುದನ್ನು ತಿಳಿದಲ್ಲದೆ ಇದಕ್ಕೆ ನ್ಯಾಯವಾದ ಸಮಾಧಾನ ಹೇಳಲಾಗದು. ನೆಲ ಮುಟ್ಟುವ ರಬ್ಬರಿನ ಪದರವನ್ನು ಟ್ರೆಡ್ ಎಂದೂ ಅದರಲ್ಲಿ ಕೊರೆದ ಕಾಲುವೆಗಳನ್ನು ತೋಡುಗಳೆಂದೂ ಮುಂದೆ ಕರೆಯುತ್ತೇವೆ.

2

ಮೊದಲು ಗಮನಿಸತಕ್ಕ ಸಂಗತಿಯೆಂದರೆ, ಗಾಳಿ ತುಂಬಿದ ಟೈರು ಹುಟ್ಟಿದ್ದೇ ನುಣುಪಾಗಿ. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲಿ ಇದಕ್ಕೆ ಹಕ್ಕುಪತ್ರವನ್ನು ಪಡೆದನು. ರಬ್ಬರು ಬಳಿದ ಬಟ್ಟೆಯ ಗಾಳಿಕೊಳವೆ, ಅದರ ಸುತ್ತ ಚರ್ಮದ ಕವಚ: ಇದು ಅವನ ರಚನೆ. ಕುದುರೆಗಾಡಿಗಳ ಚಕ್ರಗಳಿಗೆ ಅದನ್ನು ಅಳವಡಿಸಿ ಲಂಡನ್ನಿನಲ್ಲಿ ಪ್ರಯೋಗಿಸಿ ತೋರಿಸಿದನು. ಆದರೆ ಬೇಡಿಕೆಯಿಲ್ಲದೆ ಅದು ಮರೆತುಹೋಯಿತು. 1888ರಲ್ಲಿ ಬೆಲ್ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರುಚಕ್ರದ ಗಾಡಿಗಾಗಿ ಅದನ್ನೇ ಸ್ವತಂತ್ರವಾಗಿ ಮತ್ತೆ ಕಂಡುಹಿಡಿದನು. ಥಾಮ್ಸನ್ನನ ಹಿಂದಿನ ಹಕ್ಕುಪತ್ರದ ಕಾರಣದಿಂದ ಡನ್‌ಲಪ್ಪನ ಹಕ್ಕುಪತ್ರವು ಮುಂದೆ ಅಸಿಂಧುವಾಯಿತು. ಆದರೂ ಲೋಕದಲ್ಲಿ ಉಳಿದ ಹೆಸರು ಅವನದೇ.

ಹೊಸ ಟೈರಿನ ಗುಣವನ್ನು ಜನರು ಒಪ್ಪಿದ್ದು ಪಂದ್ಯದ ಬಯಲಿನಲ್ಲಿ ಎಂಬುದು ನಮ್ಮ ವಿಷಯಕ್ಕೆ ಮುಖ್ಯವಾದುದು. 1889ರಲ್ಲಿ ಬೆಲ್ಫಾಸ್ಟಿನಲ್ಲಿ ವಿಲಿ ಹ್ಯೂಮ್ ಎಂಬ ಸೈಕಲ್ ಸವಾರನು ಗಾಳಿಟೈರಿನ ಸೈಕಲ್ಲನ್ನೇರಿ ಗೆದ್ದ ಮೇಲೆ ಅದನ್ನು ಹಾಸ್ಯಮಾಡುತ್ತಿದ್ದವರು ಸುಮ್ಮನಾದರು. 1895ರಲ್ಲಿ ಪ್ಯಾರಿಸ್ಸಿನಿಂದ ಬೋರ್ಡೋಗೆ ಹೋಗಿ ಮರಳುವ ಪಂದ್ಯದಲ್ಲಿ ಮಿಶೆಲಿನ್ ಸಹೋದರರು ಗಾಳಿಟೈರು ತೊಡಿಸಿದ ಮೋಟಾರುಕಾರನ್ನು ಓಡಿಸಿದರು. ಮತ್ತೆ ಮತ್ತೆ ತೂತುಬಿದ್ದ ಟೈರುಗಳನ್ನು ದಾರಿಯುದ್ದಕ್ಕೂ ತಿದ್ದಿಕೊಳ್ಳುತ್ತ ಹೋದ ಅವರಿಗೆ ಬಹುಮಾನ ದೊರೆಯಲಿಲ್ಲ. ಮೋಟಾರುಕಾರಿನ ಭಾರವನ್ನು ಗಾಳಿಯು ಹೊರಬಲ್ಲುದೆಂಬುದು ಮಾತ್ರ ಸ್ಥಾಪಿತವಾಯಿತು. ರಸ್ತೆಯ ಟೈರಿಗೂ ಪಂದ್ಯದ ಟೈರಿಗೂ ಆಗ ಭೇದವೇ ಇರಲಿಲ್ಲ, ಏಕೆಂದರೆ ರಸ್ತೆಯೇ ಪಂದ್ಯಪಥವಾಗಿತ್ತು.

ತೋಡಿನ ಅಗತ್ಯವು ಕಂಡುಬಂದದ್ದು ಮೋಟಾರುಕಾರುಗಳ ವೇಗ ಹೆಚ್ಚಿದ ಮೇಲೆ. ಆ ಕಾಲದ ಯೂರೋಪಿನ ನಗರಗಳಲ್ಲಿ ಕಲ್ಲುಹಾಸಿನ ಅಥವಾ ಮರದ ತುಂಡುಗಳನ್ನು ಹಾಸಿದ ಬೀದಿಗಳಿದ್ದವು. ಮಳೆನೀರು ಮತ್ತು ಕುದುರೆಯ ಲದ್ದಿ ಸೇರಿ ಅವುಗಳ ಮೇಲೆ ಜಾರುವ ಲೇಪವೊಂದು ಉಂಟಾಗುತ್ತಿತ್ತು. ಊರ ಹೊರಗಾದರೆ ಕೆಸರು, ದೂಳು. ನುಣುಪಾದ ಟೈರು ಇವುಗಳ ಮೇಲೆ ಅಡ್ಡಡ್ಡ ಜಾರುತ್ತಿತ್ತು. ಜರ್ಮನಿಯ ಕಾಂಟಿನೆಂಟಲ್ ಸಂಸ್ಥೆಯು 1904ರಲ್ಲಿ ಮೋಟಾರುಕಾರುಗಳಿಗಾಗಿ ಅಚ್ಚೊತ್ತಿದ ಮೈಯುಳ್ಳ ಟೈರನ್ನು ಹೊರತಂದಿತು. ಮರುವರ್ಷ ಮಿಶೆಲಿನ್ ಸಂಸ್ಥೆಯು ಉಕ್ಕಿನ ಮೊಳೆಗಳನ್ನು ಬಡಿದ ಚರ್ಮದ ಪಟ್ಟಿಯನ್ನು ಟೈರಿನ ಮೇಲೆ ಕೂರಿಸಿತು. ಅಮೆರಿಕದ ಫೈರ್‌ಸ್ಟೋನ್ ಸಂಸ್ಥೆಯು 1908ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ‘ನಾನ್ ಸ್ಕಿಡ್’ ಎಂಬ ಅಕ್ಷರಗಳನ್ನೇ ಟೈರಿನ ಮೈಮೇಲೆ ಓರೆಯಾಗಿ ಸಾಲುಸಾಲಾಗಿ ಎಬ್ಬಿಸಿತು. ಅಕ್ಷರಗಳ ಅಂಚುಗಳು ಕೆಸರನ್ನು ಕಚ್ಚುತ್ತಿದ್ದವು. ಕಾರು ಹೋದ ಹಾದಿಯಲ್ಲಿ ಜಾಹೀರಾತೂ ಅಚ್ಚಾಗುತ್ತಿತ್ತು. ಒಂದೇ ಉಪಾಯದಿಂದ ಎರಡು ಪ್ರಯೋಜನ!

ಆದರೆ ತೋಡು ನೆಲೆಗೊಳ್ಳುತ್ತಿದ್ದ ಅದೇ ಕಾಲದಲ್ಲಿ ಅದರ ಕೆಳಗಿನ ರಸ್ತೆಯೇ ಬದಲಾಗತೊಡಗಿತು. 1902ರಲ್ಲಿ ಇಂಗ್ಲೆಂಡಿನ ಎಡ್ಗರ್ ಹೂಲಿ ಟಾರ್‌ಮ್ಯಾಕಿಗೆ ಹಕ್ಕುಪತ್ರ ಪಡೆದನು. ಮುಂದಿನ ದಶಕಗಳಲ್ಲಿ ಟಾರು ಮತ್ತು ಕಾಂಕ್ರೀಟಿನ ಗಟ್ಟಿಯಾದ ಮೈ ಪ್ರಧಾನ ರಸ್ತೆಗಳನ್ನು ಆವರಿಸಿತು. ಗಟ್ಟಿಯಾದ ರಸ್ತೆಯಲ್ಲಿ ಕಚ್ಚಲು ಕೆಸರಿಲ್ಲ. ಹಾಗಾದರೆ ತೋಡಿಗೆ ಅಲ್ಲಿ ಏನು ಕೆಲಸ? ಈ ಪ್ರಶ್ನೆಗೆ ಉತ್ತರ ಸಿಗಲು ಬಹುಕಾಲ ಹಿಡಿಯಿತು. ಜನಸಾಮಾನ್ಯರ ಮನಸ್ಸಿನಲ್ಲಾದರೋ ‘ತೋಡು ಹೆಚ್ಚಿದಷ್ಟೂ ಹಿಡಿತ ಹೆಚ್ಚು’ ಎಂಬ ಕೆಸರಿನ ಕಾಲದ ನಂಬಿಕೆಯೇ ಉಳಿದುಬಂದಿತು. ಇಂದಿಗೂ ಉಳಿದಿದೆ.

3

ಈ ನಂಬಿಕೆಯು ತಪ್ಪೆಂದು ತಿಳಿಯಲು ಘರ್ಷಣೆಯ ಶಾಸ್ತ್ರವನ್ನು ಸ್ವಲ್ಪಮಟ್ಟಿಗೆ ಪರಿಶೀಲಿಸುವುದು ಅವಶ್ಯಕ. 1699ರಲ್ಲಿ ಫ್ರಾನ್ಸಿನ ಅಮೊಂತೊನ್ ಎರಡು ನಿಯಮಗಳನ್ನು ಪ್ರತಿಪಾದಿಸಿದನು: ಘರ್ಷಣೆಯು ಭಾರಕ್ಕೆ ಅನುಗುಣವಾಗಿರುತ್ತದೆ, ಮುಟ್ಟುವ ಮೈಯ ವಿಸ್ತಾರಕ್ಕೂ ಅದಕ್ಕೂ ಸಂಬಂಧವಿಲ್ಲ. 1785ರಲ್ಲಿ ಕೂಲಂಬನು ತನ್ನ ಪ್ರಯೋಗಗಳಿಂದ ಇವನ್ನು ಬಲಪಡಿಸಿದನು. ನಮ್ಮ ಕಾಲೇಜುಗಳ ಮೊದಲ ವರ್ಷದ ಭೌತಶಾಸ್ತ್ರದ ಪಾಠ ಇದೇ. ಮರ, ಕಬ್ಬಿಣ, ಕಲ್ಲುಗಳ ವಿಚಾರದಲ್ಲಿ ಇದು ಸಾಕಷ್ಟು ನಿಜ. ಈ ನಿಯಮದಂತೆ ಟೈರಿನಲ್ಲಿ ತೋಡಿದ್ದರೂ ಇಲ್ಲದಿದ್ದರೂ ಹಿಡಿತವು ಒಂದೇ ಆಗಬೇಕು.

ರಬ್ಬರು ಈ ನಿಯಮಕ್ಕೆ ಒಳಪಡುವುದಿಲ್ಲ. ಅದು ಮೃದುವಾದ ವಸ್ತು. ಒತ್ತಿದರೆ ರಸ್ತೆಯ ಕಲ್ಲುಚೂರುಗಳ ಸಂದುಗಳೊಳಗೆ ಇಳಿಯುತ್ತದೆ, ಬಿಟ್ಟರೆ ನಿಧಾನವಾಗಿ ಹಿಂದಿರುಗುತ್ತದೆ. ಅದರ ಹಿಡಿತಕ್ಕೆ ಎರಡು ಮೂಲಗಳಿವೆ. ಒಂದು, ರಬ್ಬರಿನ ಮೈಗೂ ರಸ್ತೆಯ ಮೈಗೂ ಉಂಟಾಗುವ ಅಂಟು. ಇನ್ನೊಂದು, ಕಲ್ಲಿನ ಉಬ್ಬುಗಳ ಮೇಲೆ ಹಾಯುವಾಗ ರಬ್ಬರು ಅಮುಕಿ ಹಿಗ್ಗುವುದರಲ್ಲಿ ಆಗುವ ಶಕ್ತಿನಷ್ಟ. ಕೇಂಬ್ರಿಜ್ಜಿನ ಡೇವಿಡ್ ಟೇಬರ್ ಮೊದಲಾದವರು 1950ರ ದಶಕದಲ್ಲಿ ಈ ಎರಡನೆಯ ಅಂಶದ ಮಹತ್ವವನ್ನು ತೋರಿಸಿಕೊಟ್ಟರು. 1963ರಲ್ಲಿ ಗ್ರಾಷ್ ಎಂಬ ವಿಜ್ಞಾನಿಯು ಪ್ರಕಟಿಸಿದ ಪ್ರಬಂಧದಿಂದ, ರಬ್ಬರಿನ ಘರ್ಷಣೆಯು ಜಾರುವ ವೇಗವನ್ನೂ ಉಷ್ಣತೆಯನ್ನೂ ಅವಲಂಬಿಸಿದೆಯೆಂಬುದು ಸ್ಪಷ್ಟವಾಯಿತು. ಮೇಲಾಗಿ, ಚದರಂಗುಲದ ಮೇಲಿನ ಭಾರ ಹೆಚ್ಚಿದಂತೆಲ್ಲ ರಬ್ಬರಿನ ಘರ್ಷಣಾಂಕವು ಇಳಿಯುತ್ತದೆ. ಒಂದೇ ಭಾರವನ್ನು ಹೆಚ್ಚು ವಿಸ್ತಾರವಾದ ರಬ್ಬರಿನ ಮೇಲೆ ಹರಡಿದರೆ ಒಟ್ಟು ಹಿಡಿತವು ಹೆಚ್ಚುತ್ತದೆ.

ಇದರಿಂದ ವಿದಿತವಾಗುವುದೇನೆಂದರೆ, ಒಣಗಿದ ಗಟ್ಟಿ ರಸ್ತೆಯಲ್ಲಿ ತೋಡೆಂಬುದು ನಷ್ಟದ ಬಾಬು. ತೋಡು ಇದ್ದಲ್ಲಿ ರಬ್ಬರಿಲ್ಲ. ರಬ್ಬರಿಲ್ಲದ ಕಡೆ ಹಿಡಿತವಿಲ್ಲ. ತೋಡುಗಳ ನಡುವೆ ನಿಂತ ರಬ್ಬರಿನ ದಿಮ್ಮಿಗಳು ತಿರುವಿನಲ್ಲಿ ಅತ್ತಿತ್ತ ಬಾಗುತ್ತವೆ. ಬಾಗಿದಾಗ ಕಾವೇರುತ್ತವೆ, ಅಂಚುಗಳಲ್ಲಿ ಹರಿದು ಚೂರುಚೂರಾಗಿ ಉದುರುತ್ತವೆ. ಹೀಗಾಗಿ ತೋಡುಳ್ಳ ಟೈರಿಗೆ ಅತಿ ಮೃದುವಾದ ರಬ್ಬರನ್ನು ಬಳಸುವಂತಿಲ್ಲ. ನುಣುಪು ಟೈರಿನಲ್ಲಿ ಪದರವು ಅಖಂಡವಾಗಿರುವುದರಿಂದ ಅದು ಬಾಗುವುದು ಕಡಮೆ. ಆದಕಾರಣ ಅಲ್ಲಿ ಬಹು ಮೃದುವಾದ, ಬಿಸಿಯಾದಾಗ ಅಂಟಿನಂತಾಗುವ ರಬ್ಬರನ್ನು ಉಪಯೋಗಿಸಬಹುದು. ನುಣುಪು ಟೈರಿನ ಶ್ರೇಷ್ಠತೆಯು ನುಣುಪಿನಿಂದಲೇ ಬಂದುದಲ್ಲ, ನುಣುಪು ಅನುಮತಿಸುವ ಮೃದುತ್ವದಿಂದಲೂ ಬಂದುದು. ಸವೆದು ಬೋಳಾದ ಹಳೆಯ ಟೈರನ್ನೂ ಪಂದ್ಯದ ನುಣುಪು ಟೈರನ್ನೂ ಒಂದೇ ಜಾತಿಯೆಂದು ಭಾವಿಸುವವರು ಇಲ್ಲಿ ಎಡವುತ್ತಾರೆ. ಬೋಳುಟೈರಿನ ರಬ್ಬರು ಬಿಸಿಲಿಗೂ ವಯಸ್ಸಿಗೂ ಸಿಕ್ಕಿ ಗಡುಸಾದುದು. ಅದು ನೋಟಕ್ಕೆ ಮಾತ್ರ ನುಣುಪು ಟೈರಿನ ನೆಂಟ.

4

ನುಣುಪು ಟೈರಿನ ಪುನರಾಗಮನವು ಪ್ರಯೋಗಶಾಲೆಯಿಂದಾಗದೆ ಬಯಲಿನಿಂದ ಆಯಿತು. ವಿಜ್ಞಾನವು ಕಾರಣವನ್ನು ಹೇಳುವುದಕ್ಕೆ ಮೊದಲೇ ಚಾಲಕರು ಫಲವನ್ನು ಕಂಡಿದ್ದರು. 1950ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯದ ಸಾಂಟ ಆನಾ ವಿಮಾನನಿಲ್ದಾಣದ ಓಡುಪಟ್ಟಿಯ ಮೇಲೆ ನೇರ ಓಟದ ಪಂದ್ಯಗಳು ಆರಂಭವಾದವು. ಮರುವರ್ಷ ಈ ಪಂದ್ಯಗಳಿಗಾಗಿ ರಾಷ್ಟ್ರೀಯ ಸಂಘವೊಂದು ವಾಲಿ ಪಾರ್ಕ್ಸ್ ಎಂಬಾತನ ನೇತೃತ್ವದಲ್ಲಿ ಸ್ಥಾಪಿತವಾಯಿತು. ನಿಂತಲ್ಲಿಂದ ಹೊರಟು ಕಾಲು ಮೈಲಿಯನ್ನು ಯಾರು ಮೊದಲು ಮುಟ್ಟುವರೆಂಬುದೇ ಆಟ. ಅಲ್ಲಿ ಮುಖ್ಯವಾದುದು ಹೊರಡುವಾಗ ಹಿಂಚಕ್ರವು ಸುಮ್ಮನೆ ಗಿರಕಿ ಹೊಡೆಯದಿರುವುದು. ಹಳೆಯ ಟೈರುಗಳ ಒಡಲಿಗೆ ಹೊಸ ರಬ್ಬರನ್ನು ಕೂರಿಸುವ ರೀಟ್ರೆಡಿಂಗ್ ಅಂಗಡಿಗಳು ನಮ್ಮಲ್ಲಿರುವಂತೆ ಅಲ್ಲಿಯೂ ಇದ್ದವು. ಪಂದ್ಯದ ಹುಡುಗರು ಅಚ್ಚಿನ ಗೆರೆಗಳಿಲ್ಲದೆ ಬರಿಯ ಅಗಲವಾದ ರಬ್ಬರಿನ ಪಟ್ಟಿಯನ್ನೇ ಹಾಕಿಸಿಕೊಳ್ಳತೊಡಗಿದರು. ದೊಡ್ಡ ಸಂಸ್ಥೆಗಳು ಇದನ್ನು ಕೈಗೆತ್ತಿಕೊಂಡದ್ದು ಆಮೇಲೆ. ನುಣುಪು ಟೈರು ಹೀಗೆ ಬಹುಮಟ್ಟಿಗೆ ಸಣ್ಣ ಕಸುಬುದಾರರ ಕೈಯಲ್ಲಿ ಬೆಳೆಯಿತೆಂಬುದನ್ನು ಉದ್ಯಮದ ಚರಿತ್ರೆಯನ್ನು ಬರೆಯುವವರು ಮರೆಯಬಾರದು.

ತಿರುವುಗಳುಳ್ಳ ಪಂದ್ಯಪಥಗಳಿಗೆ ಈ ಟೈರು ಬರಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. ಯೂರೋಪಿನ ಪಂದ್ಯಗಳು ಮಳೆಯಲ್ಲೂ ನಡೆಯುತ್ತಿದ್ದುದೇ ಇದಕ್ಕೆ ಮುಖ್ಯ ಕಾರಣವೆಂದು ತೋರುತ್ತದೆ. ನೇರ ಓಟದವರಾದರೋ ಮಳೆ ಬಂದರೆ ಆಟವನ್ನೇ ನಿಲ್ಲಿಸುತ್ತಿದ್ದರು. 1960ರ ದಶಕದಲ್ಲಿ ಪಂದ್ಯದ ಟೈರುಗಳು ವರ್ಷದಿಂದ ವರ್ಷಕ್ಕೆ ಅಗಲವಾದವು, ತೋಡುಗಳು ಕಿರಿದಾದವು. ಕೊನೆಗೆ 1971ರಲ್ಲಿ ಫೈರ್‌ಸ್ಟೋನ್ ಸಂಸ್ಥೆಯು ಫಾರ್ಮುಲಾ ಒನ್ ಪಂದ್ಯಗಳಿಗೆ ಪೂರ್ಣ ನುಣುಪು ಟೈರನ್ನು ತಂದಿತು. ‘ನಾನ್ ಸ್ಕಿಡ್’ ಎಂದು ಟೈರಿನ ಮೈಮೇಲೆ ಬರೆದ ಸಂಸ್ಥೆಯೇ 63 ವರ್ಷಗಳ ತರುವಾಯ ಆ ಬರೆಹವನ್ನೆಲ್ಲ ಅಳಿಸಿ ನುಣುಪನ್ನು ತಂದುದು ಚರಿತ್ರೆಯ ಒಂದು ವಿನೋದ. ಅಂದಿನಿಂದ ಒಣಗಿದ ಪಥಕ್ಕೊಂದು, ಒದ್ದೆ ಪಥಕ್ಕೊಂದು ಎಂದು ಎರಡು ಬಗೆಯ ಟೈರುಗಳು ಅನಿವಾರ್ಯವಾದವು.

ಈ ಚರಿತ್ರೆಯಲ್ಲಿ ಇನ್ನೊಂದು ಘಟ್ಟವನ್ನು ವಿಶೇಷವಾಗಿ ಗಮನಿಸತಕ್ಕದ್ದು. ತಿರುವುಗಳಲ್ಲಿ ಕಾರುಗಳ ವೇಗವು ಅಪಾಯಕರವಾಗಿ ಏರುತ್ತಿದೆಯೆಂದು ಕಂಡ ನಿಯಾಮಕರು 1998ರಲ್ಲಿ ಒಣ ಟೈರುಗಳಲ್ಲಿಯೂ ತೋಡುಗಳಿರಬೇಕೆಂದು ವಿಧಿಸಿದರು. ಮುಂಚಕ್ರದಲ್ಲಿ ಮೂರು, ಹಿಂಚಕ್ರದಲ್ಲಿ ನಾಲ್ಕು. 1999ರಿಂದ ಮುಂಚಕ್ರದಲ್ಲೂ ನಾಲ್ಕು. ಈ ತೋಡುಗಳಿಗೂ ನೀರಿಗೂ ಸಂಬಂಧವೇ ಇರಲಿಲ್ಲ. ಹಿಡಿತವನ್ನು ಬೇಕೆಂದೇ ಕುಗ್ಗಿಸುವುದಕ್ಕಾಗಿ ಅವನ್ನು ಕೊರೆಸಲಾಗಿತ್ತು. 2008ರ ಕೊನೆಯವರೆಗೆ ಈ ನಿಯಮ ನಡೆದು, 2009ರಲ್ಲಿ ನುಣುಪು ಟೈರು ಮರಳಿ ಬಂದಿತು. ತೋಡು ಹಿಡಿತವನ್ನು ಹೆಚ್ಚಿಸುತ್ತದೆಂಬ ನಂಬಿಕೆಗೆ ಇದಕ್ಕಿಂತ ಸ್ಪಷ್ಟವಾದ ಖಂಡನೆಯನ್ನು ಹುಡುಕಬೇಕಾಗಿಲ್ಲ.

5

ಹಾಗಾದರೆ ರಸ್ತೆಯ ಟೈರಿನಲ್ಲಿ ತೋಡೇಕೆ? ಉತ್ತರ ಒಂದೇ ಮಾತು: ನೀರು. ಈ ಉತ್ತರವು ನಿಖರವಾಗಿ ದೊರೆತದ್ದು ಕೂಡ ವಿಮಾನಗಳ ಓಡುಪಟ್ಟಿಯಿಂದ ಎಂಬುದು ಸ್ವಾರಸ್ಯಕರವಾಗಿದೆ. ಎರಡನೆಯ ಮಹಾಯುದ್ಧವು ಮುಗಿದಾಗ ಇಂಗ್ಲೆಂಡಿನ ಅನೇಕ ಸೈನಿಕ ವಿಮಾನನಿಲ್ದಾಣಗಳು ಬರಿದಾಗಿ ಉಳಿದಿದ್ದವು. ಸಿಲ್ವರ್‌ಸ್ಟೋನ್ ಮತ್ತು ಗುಡ್‌ವುಡ್‌ಗಳಲ್ಲಿ 1948ರಲ್ಲಿಯೇ ಮೋಟಾರು ಪಂದ್ಯಗಳು ಆರಂಭವಾದವು. ನಮ್ಮ ದೇಶದಲ್ಲಿ ಮದರಾಸಿನ ಬಳಿಯ ಶೋಲಾವರಂ ಪಂದ್ಯಪಥವೂ ಯುದ್ಧಕಾಲದ ಓಡುಪಟ್ಟಿಯೇ. ಯುದ್ಧವು ಬಿಟ್ಟುಹೋದ ಕಾಂಕ್ರೀಟಿನ ಮೇಲೆ ಆಟವು ಬೆಳೆಯಿತು.

ಜೆಟ್ ವಿಮಾನಗಳು ಬಂದ ಮೇಲೆ ಒದ್ದೆಯಾದ ಓಡುಪಟ್ಟಿಯ ಮೇಲೆ ಅವು ನಿಲ್ಲದೆ ಜಾರಿಹೋಗುವುದು ದೊಡ್ಡ ಸಮಸ್ಯೆಯಾಯಿತು. ಅಮೆರಿಕದ ನಾಸಾ ಸಂಸ್ಥೆಯ ಲ್ಯಾಂಗ್ಲಿ ಕೇಂದ್ರದಲ್ಲಿ ವಾಲ್ಟರ್ ಹಾರ್ನ್ ಮತ್ತು ಡ್ರೆಹರ್ ಎಂಬವರು ಇದನ್ನು ಸಂಶೋಧಿಸಿ 1963ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಅವರು ಕಂಡ ತತ್ತ್ವ ಹೀಗಿದೆ: ಟೈರು ವೇಗವಾಗಿ ಉರುಳುವಾಗ ಅದರ ಮುಂದಿನ ನೀರಿಗೆ ಪಕ್ಕಕ್ಕೆ ಸರಿಯಲು ಸಮಯ ಸಾಲದು. ವೇಗ ಹೆಚ್ಚಿದಂತೆ ನೀರಿನ ಒತ್ತಡ ಏರುತ್ತದೆ. ಆ ಒತ್ತಡವು ಟೈರಿನೊಳಗಿನ ಗಾಳಿಯ ಒತ್ತಡಕ್ಕೆ ಸಮನಾದಾಗ ಟೈರು ನೆಲವನ್ನು ಬಿಟ್ಟು ನೀರಿನ ಮೇಲೆ ತೇಲುತ್ತದೆ. ಆಗ ಚುಕ್ಕಾಣಿ, ಬ್ರೇಕು ಎರಡೂ ನಿರರ್ಥಕ. ಚದರಂಗುಲಕ್ಕೆ ಇಷ್ಟು ಪೌಂಡು ಎಂದು ಅಳೆದ ಗಾಳಿಯ ಒತ್ತಡದ ವರ್ಗಮೂಲವನ್ನು 10.35ರಿಂದ ಗುಣಿಸಿದರೆ ತೇಲುವ ವೇಗವು ಗಂಟೆಗೆ ಮೈಲಿಗಳಲ್ಲಿ ದೊರೆಯುತ್ತದೆ.

ವಿದ್ಯಾರ್ಥಿಗಳು ಇದನ್ನು ತಾವೇ ಲೆಕ್ಕಹಾಕಿ ನೋಡಬಹುದು. ಕಾರಿನ ಟೈರಿನಲ್ಲಿ 30 ಪೌಂಡು ಒತ್ತಡವಿದ್ದರೆ ತೇಲುವ ವೇಗವು ಗಂಟೆಗೆ ಸುಮಾರು 57 ಮೈಲಿ, ಎಂದರೆ 91 ಕಿಲೋಮೀಟರು. ಒತ್ತಡವನ್ನು 25 ಪೌಂಡಿಗೆ ಇಳಿಸಿದರೆ ಸುಮಾರು 83 ಕಿಲೋಮೀಟರು. ಇವು ನಮ್ಮ ಹೆದ್ದಾರಿಗಳಲ್ಲಿ ದಿನನಿತ್ಯವೂ ಕಾಣುವ ವೇಗಗಳು. ಆದರೆ ಈ ಸೂತ್ರವು ಅನ್ವಯಿಸುವುದು ನೀರಿನ ಆಳವು ತೋಡಿನ ಆಳವನ್ನು ಮೀರಿದಾಗ. ತೋಡಿನೊಳಗೆ ಹರಿಯಲು ಎಡೆಯಿರುವವರೆಗೆ ನೀರು ಟೈರನ್ನು ಎತ್ತಲಾರದು. ರಸ್ತೆಯ ಹೊಸ ಟೈರಿನಲ್ಲಿ ಸುಮಾರು 8 ಮಿಲಿಮೀಟರು ಆಳದ ತೋಡಿರುತ್ತದೆ. ಅಷ್ಟು ನೀರು ನಿಲ್ಲುವ ರಸ್ತೆ ಅಪರೂಪ. ನುಣುಪು ಟೈರಿನ ತೋಡಿನ ಆಳ ಸೊನ್ನೆ. ಅದಕ್ಕೆ ತೆಳುವಾದ ನೀರಿನ ಪದರವೇ ಕೆರೆ.

ಫಾರ್ಮುಲಾ ಒನ್ ಪಂದ್ಯಗಳಿಗೆ 2011ರಿಂದ ಟೈರು ಒದಗಿಸುತ್ತಿರುವ ಪಿರೆಲಿ ಸಂಸ್ಥೆಯು ಹೇಳುವಂತೆ, ಅವರ ಮಳೆಟೈರು ಗಂಟೆಗೆ 300 ಕಿಲೋಮೀಟರು ವೇಗದಲ್ಲಿ ಒಂದೊಂದು ಸೆಕೆಂಡಿಗೆ 85 ಲೀಟರು ನೀರನ್ನು ಹೊರಚೆಲ್ಲಬಲ್ಲುದು. ಬಾವಿಯಿಂದ ಸೇದುವ ಏಳೆಂಟು ಕೊಡಗಳಷ್ಟು ನೀರು ಕಣ್ಣು ಮಿಟುಕಿಸುವುದರೊಳಗೆ! ಕೆಸರನ್ನು ಕಚ್ಚಲು ಹುಟ್ಟಿದ ತೋಡು ಗಟ್ಟಿ ರಸ್ತೆಯ ಕಾಲದಲ್ಲಿ ನೀರನ್ನು ಹರಿಸುವ ಕಾಲುವೆಯಾಗಿ ಮರುಹುಟ್ಟು ಪಡೆಯಿತು. ಹೆಸರು ಒಂದೇ ಆದರೂ ಕೆಲಸ ಬೇರೆಯಾಯಿತು. ಹಳೆಯ ಸಂಸ್ಥೆಗಳು ಹೊಸ ಕಾಲದಲ್ಲಿ ಬದುಕುಳಿಯುವ ಬಗೆಯೂ ಇಂಥದೇ ಎಂಬುದು ಚರಿತ್ರೆಯ ವಿದ್ಯಾರ್ಥಿಗೆ ಅಪರಿಚಿತವಲ್ಲ.

6

ನೀರಿನ ಈ ವಿಚಾರವನ್ನು ಕಾನೂನು ಬಹುಬೇಗ ತನ್ನದಾಗಿಸಿಕೊಂಡಿತು. ಬ್ರಿಟನ್ನಿನಲ್ಲಿ 1968ರಲ್ಲಿ ತೋಡಿನ ಕನಿಷ್ಠ ಆಳವನ್ನು 1 ಮಿಲಿಮೀಟರು ಎಂದು ವಿಧಿಸಲಾಯಿತು. 1992ರ ಜನವರಿಯಿಂದ ಕಾರುಗಳಿಗೆ ಅದು 1.6 ಮಿಲಿಮೀಟರಾಯಿತು. ಭಾರತದ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿಯೂ ಕಾರುಗಳ ಟೈರಿಗೆ ಇದೇ 1.6 ಮಿಲಿಮೀಟರಿನ ಮಿತಿಯಿದೆ. ಹೀಗೆ ರಸ್ತೆ ಮತ್ತು ಪಂದ್ಯಪಥಗಳ ನಡುವೆ ಒಂದು ಎಲ್ಲೆಗೆರೆ ಬಿದ್ದಿತು. ಆ ಎಲ್ಲೆಗೆರೆಯ ದಪ್ಪ ಒಂದೂವರೆ ಮಿಲಿಮೀಟರಿಗಿಂತ ತುಸು ಹೆಚ್ಚು.

ಆದರೆ ಇದೇ ಕಾಲದಲ್ಲಿ ಆ ಎಲ್ಲೆಯನ್ನು ದಿನವೂ ದಾಟುವವರ ಒಂದು ವರ್ಗವು ಬೆಳೆಯತೊಡಗಿತು. ಮೊದಮೊದಲು ಪಂದ್ಯಪಥವು ಪಂದ್ಯಗಾರರಿಗಷ್ಟೇ ಮೀಸಲಾಗಿರಲಿಲ್ಲ. ಜರ್ಮನಿಯ ನ್ಯೂರ್ಬುರ್ಗ್‌ರಿಂಗ್ 1927ರಲ್ಲಿ ತೆರೆದಂದಿನಿಂದಲೂ ಸುಂಕ ತೆತ್ತ ಸಾರ್ವಜನಿಕರಿಗೆ ತಮ್ಮ ಕಾರುಗಳನ್ನು ಅಲ್ಲಿ ಓಡಿಸಲು ಅವಕಾಶವಿದೆ. ಸುಮಾರು 20.8 ಕಿಲೋಮೀಟರು ಉದ್ದದ ಅದರ ಉತ್ತರ ಸುತ್ತು ಅಂಥ ಹೊತ್ತಿನಲ್ಲಿ ಕಾನೂನಿನ ದೃಷ್ಟಿಯಿಂದ ಏಕಮುಖ ಸಂಚಾರದ ಸುಂಕದ ರಸ್ತೆ. ರಸ್ತೆಯ ನಿಯಮಗಳೇ ಅಲ್ಲಿ ಅನ್ವಯಿಸುವುದರಿಂದ ರಸ್ತೆಗೆ ಸಲ್ಲದ ನುಣುಪು ಟೈರು ಅಲ್ಲಿಯೂ ಸಲ್ಲದು. ಅದೇ ನೆಲದ ಮೇಲೆ ಪಂದ್ಯ ನಡೆಯುವ ದಿನ ಅದು ಸಲ್ಲುತ್ತದೆ. ನೆಲವು ಬದಲಾಗಲಿಲ್ಲ, ಅದರ ಮೇಲೆ ಯಾರು, ಯಾವ ಒಪ್ಪಂದದಿಂದ ಓಡುತ್ತಿದ್ದಾರೆಂಬುದು ಬದಲಾಯಿತು. ರಸ್ತೆಯೆಂಬುದು ಕಲ್ಲು ಟಾರುಗಳ ರಾಶಿಯಲ್ಲ, ಒಂದು ಸಾಮಾಜಿಕ ಸಂಬಂಧವೆಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನ ನಮಗೆ ತಿಳಿಯದು.

ಇಂಗ್ಲೆಂಡಿನಲ್ಲಿ 20ನೆಯ ಶತಮಾನದ ಕೊನೆಯ ದಶಕದಲ್ಲಿ ಟ್ರ್ಯಾಕ್ ಡೇ ಎಂಬ ಪದ್ಧತಿಯು ಬಹಳವಾಗಿ ಹರಡಿತು. ಒಂದು ದಿನದ ಮಟ್ಟಿಗೆ ಪಥವನ್ನು ಬಾಡಿಗೆಗೆ ಹಿಡಿದು, ಪಂದ್ಯವಿಲ್ಲದೆ, ಸಾಮಾನ್ಯವಾಗಿ ಕಾಲವನ್ನೂ ಅಳೆಯದೆ, ಹವ್ಯಾಸಿಗಳು ತಮ್ಮ ಕಾರುಗಳನ್ನು ಓಡಿಸುವ ಏರ್ಪಾಡು ಇದು. ಇಂಥವರಿಗಾಗಿಯೇ ಟೈರಿನ ಸಂಸ್ಥೆಗಳು ಒಂದು ನಡುವಣ ತಳಿಯನ್ನು ಸೃಷ್ಟಿಸಿದವು. ಕಾನೂನು ಕೇಳುವಷ್ಟು ತೋಡು, ಮಿಕ್ಕಂತೆ ಪಂದ್ಯದ ಮೃದು ರಬ್ಬರು: ಇದನ್ನು ಸೆಮಿಸ್ಲಿಕ್ ಎನ್ನುವರು. 2000ದಲ್ಲಿ ಹೊರಬಂದ ಲೋಟಸ್ 340ಆರ್ ಎಂಬ ಕಾರಿಗೆ ಯೊಕೊಹಾಮ ಸಂಸ್ಥೆಯ ಇಂಥ ಟೈರುಗಳನ್ನು ಕಾರ್ಖಾನೆಯಲ್ಲಿಯೇ ತೊಡಿಸಲಾಗಿತ್ತು. ಇದು ಕಾನೂನಿನ ಅಕ್ಷರವನ್ನು ಪಾಲಿಸಿದ ಟೈರು. ಅದರ ಆಶಯವನ್ನು ಎಷ್ಟರಮಟ್ಟಿಗೆ ಪಾಲಿಸಿತೆಂಬುದು ಮಳೆಯ ದಿನ ಮಾತ್ರ ತಿಳಿಯುತ್ತದೆ.

7

ಈಗ ರಸ್ತೆಯ ಕಾರಿಗೆ ಪೂರ್ಣ ನುಣುಪು ಟೈರನ್ನು ತೊಡಿಸಿದಾಗ ಆಗುವುದೇನೆಂಬುದನ್ನು ವಿಚಾರಿಸೋಣ. 50 ಮೀಟರು ತ್ರಿಜ್ಯದ ತಿರುವೊಂದನ್ನು ತೆಗೆದುಕೊಳ್ಳೋಣ. ಘರ್ಷಣಾಂಕವು 1.0 ಇರುವ ಉತ್ತಮವಾದ ರಸ್ತೆಯ ಟೈರಿನಿಂದ ಅದನ್ನು ಗಂಟೆಗೆ ಸುಮಾರು 80 ಕಿಲೋಮೀಟರು ವೇಗದಲ್ಲಿ ದಾಟಬಹುದು. ನುಣುಪು ಟೈರಿನಿಂದ ಅಂಕವು 1.3ಕ್ಕೆ ಏರಿತೆಂದು ಇಟ್ಟುಕೊಂಡರೆ ವೇಗವು ಸುಮಾರು 91 ಕಿಲೋಮೀಟರು. ವೇಗದಲ್ಲಿ ಹೆಚ್ಚಿದ್ದು ನೂರಕ್ಕೆ 14. ಆದರೆ ಕಾರಿನ ಮೇಲೆ ಬೀಳುವ ಅಡ್ಡಬಲವೂ ಕಾರಿನಲ್ಲಿರುವ ಚಲನಶಕ್ತಿಯೂ ನೂರಕ್ಕೆ 30ರಷ್ಟು ಹೆಚ್ಚುತ್ತವೆ. ಜಾರಿ ತಡೆಗೋಡೆಗೆ ಬಡಿದರೆ ಆ 30 ಅಲ್ಲಿಯೇ ತೀರಬೇಕು.

ಈ ಹೆಚ್ಚುವರಿ ಬಲವನ್ನು ಹೊರಬೇಕಾದವು ಚಕ್ರದ ಬೇರಿಂಗುಗಳು, ತೂಗುಸಾಧನದ ರಬ್ಬರಿನ ಬುಷ್ಷುಗಳು, ಚಕ್ರವನ್ನು ಬಿಗಿದಿರುವ ಬೋಲ್ಟುಗಳು. ಇವುಗಳನ್ನು ರಚಿಸಿದವರ ಮನಸ್ಸಿನಲ್ಲಿ ಇದ್ದುದು ರಸ್ತೆಯ ಟೈರು. ಎಲ್ಲಕ್ಕಿಂತ ಕಣ್ಣಿಗೆ ಕಾಣದ ಅಪಾಯವು ಎಂಜಿನ್ನಿನ ಎಣ್ಣೆಯದು. ರಸ್ತೆಯ ಕಾರುಗಳಲ್ಲಿ ಸಾಮಾನ್ಯವಾಗಿ ಎಣ್ಣೆಯು ಎಂಜಿನ್ನಿನ ತಳದ ತೊಟ್ಟಿಯಲ್ಲಿ ನಿಂತಿರುತ್ತದೆ. ಪಂಪು ಅಲ್ಲಿಂದ ಅದನ್ನು ಹೀರುತ್ತದೆ. ದೀರ್ಘವಾದ ತಿರುವಿನಲ್ಲಿ ಅಡ್ಡಬಲವು ಅತಿಯಾದರೆ ಎಣ್ಣೆಯೆಲ್ಲ ತೊಟ್ಟಿಯ ಒಂದು ಮಗ್ಗುಲಿಗೆ ಏರಿ ನಿಲ್ಲುತ್ತದೆ, ಪಂಪು ಗಾಳಿಯನ್ನು ಹೀರುತ್ತದೆ. ಎಂಜಿನ್ನು ವೇಗವಾಗಿ ತಿರುಗುತ್ತಿರುವಾಗಲೇ ಒಳಗಿನ ಬೇರಿಂಗುಗಳು ಎಣ್ಣೆಯಿಲ್ಲದೆ ಒಣಗುತ್ತವೆ. ಕೆಲವು ಕ್ಷಣಗಳು ಸಾಕು. ಪಂದ್ಯದ ಕಾರುಗಳಲ್ಲಿ ಎಣ್ಣೆಗೆ ಪ್ರತ್ಯೇಕವಾದ ಪಾತ್ರೆಯನ್ನಿಡುವುದು ಈ ಕಾರಣಕ್ಕೆ. ಒಂದು ಅಂಗದ ಶಕ್ತಿಯನ್ನು ಹೆಚ್ಚಿಸಿದರೆ ಉಳಿದ ಅಂಗಗಳ ದೌರ್ಬಲ್ಯವು ಬಯಲಿಗೆ ಬರುತ್ತದೆಂಬ ನಿಯಮವು ರಾಜ್ಯಗಳಿಗೆ ಹೇಗೋ ಯಂತ್ರಗಳಿಗೂ ಹಾಗೆಯೇ.

ಇನ್ನು ಚಾಲಕನ ವಿಚಾರ. ನುಣುಪು ಟೈರು ಸಾಮಾನ್ಯವಾಗಿ 80 ಡಿಗ್ರಿಗಿಂತ ಹೆಚ್ಚು ಕಾದ ಮೇಲೆ ಮಾತ್ರ ತನ್ನ ಪೂರ್ಣ ಗುಣವನ್ನು ತೋರಿಸುತ್ತದೆ. ಮೊದಲ ಸುತ್ತಿನಲ್ಲಿ ತಣ್ಣಗಿರುವಾಗ ಅದು ರಸ್ತೆಯ ಟೈರಿಗಿಂತಲೂ ಕೀಳಾಗಿರಬಹುದು. ಕಾದಂತೆ ಒಳಗಿನ ಗಾಳಿಯ ಒತ್ತಡವೂ ಏರುವುದರಿಂದ ಹೊರಡುವಾಗ ಕಡಮೆ ಗಾಳಿ ತುಂಬಿ, ಸುತ್ತಿ ಬಂದ ಕೂಡಲೇ ಬಿಸಿಯಲ್ಲಿಯೇ ಅಳೆದು ಸರಿಪಡಿಸುವುದು ವಾಡಿಕೆ. ರಸ್ತೆಯ ಟೈರು ಹಿಡಿತ ಬಿಡುವ ಮುನ್ನ ಕಿರುಗುಟ್ಟಿ ಎಚ್ಚರಿಕೆ ಕೊಡುತ್ತದೆ, ಮೆಲ್ಲನೆ ಜಾರುತ್ತದೆ. ನುಣುಪು ಟೈರು ಹೆಚ್ಚು ಹೊತ್ತು ಮೌನವಾಗಿದ್ದು ಒಮ್ಮೆಗೇ ಬಿಡುತ್ತದೆ. ಬಿಡುವಾಗ ವೇಗವೂ ಹೆಚ್ಚಾಗಿರುತ್ತದೆ. ಆದಕಾರಣ ಕಲಿಯುವವನು ಮೊದಲು ರಸ್ತೆಯ ಟೈರಿನಲ್ಲಿಯೇ ಪಥವನ್ನು ಕಲಿಯಬೇಕೆಂದು ಅನುಭವಿಗಳು ಹೇಳುವುದು ಯುಕ್ತವಾಗಿದೆ. ಮೃದುವಾದ ಟೈರು ಅಕುಶಲತೆಯನ್ನು ಮುಚ್ಚಿಡುತ್ತದೆ, ನೀಗಿಸುವುದಿಲ್ಲ.

ನಮ್ಮ ಕಡೆಯ ಹವ್ಯಾಸಿಗಳಿಗೆ ಇನ್ನೊಂದು ವಿಶೇಷವಾದ ತೊಡಕಿದೆ. ಬೆಂಗಳೂರಿನಿಂದ ಇಂಥ ಹವ್ಯಾಸಕ್ಕಾಗಿ ಹೋಗುವವರಲ್ಲಿ ಅನೇಕರು ಚೆನ್ನೈ ಹೆದ್ದಾರಿಯ ಮೇಲಿನ ಇರುಂಗಾಟ್ಟುಕೋಟೈಯಲ್ಲಿರುವ ಪಂದ್ಯಪಥಕ್ಕೋ ಕೊಯಮತ್ತೂರಿನ ಬಳಿಯ ಕರಿ ಪಥಕ್ಕೋ ಹೋಗುತ್ತಾರೆ. ಎರಡೂ ನೂರಾರು ಕಿಲೋಮೀಟರುಗಳ ದಾರಿ. ಅದೇ ಕಾರಿನಲ್ಲಿ ಹೋಗಿ ಅದೇ ಕಾರಿನಲ್ಲಿ ಬರಬೇಕಾದವರು ಎರಡನೆಯ ಜೊತೆ ಚಕ್ರಗಳನ್ನು ಹಿಂದಿನ ಸೀಟಿನಲ್ಲೋ ಡಿಕ್ಕಿಯಲ್ಲೋ ತುಂಬಿಕೊಂಡು ಹೋಗಿ, ಅಲ್ಲಿ ಜ್ಯಾಕು ಹಚ್ಚಿ ಬದಲಾಯಿಸಿ, ಸಂಜೆ ಮತ್ತೆ ಬದಲಾಯಿಸಿ ಮರಳಬೇಕು. ದಣಿದ ಸಂಜೆಯಲ್ಲಿ ಈ ಎರಡನೆಯ ಬದಲಾವಣೆಯನ್ನು ಬಿಟ್ಟುಬಿಡುವ ಆಸೆಯು ಸಹಜ. ಆಕಾಶವು ತಿಳಿಯಾಗಿದೆ, ರಸ್ತೆ ಒಣಗಿದೆ, ನಾಳೆ ಬದಲಾಯಿಸಿದರಾಯಿತು ಎಂದು ತೋರುವುದುಂಟು. ನಮ್ಮ ಹಳೆಯ ವಿದ್ಯಾರ್ಥಿಯ ಪ್ರಶ್ನೆಯ ಹಿಂದೆಯೂ ಈ ಆಸೆಯೇ ಅಡಗಿತ್ತೆಂದು ಅವರು ಆಮೇಲೆ ಒಪ್ಪಿಕೊಂಡರು. ಆದರೆ ಹಿಂಗಾರಿನ ಮಳೆ ಹೇಳಿ ಕೇಳಿ ಬರುವುದಿಲ್ಲ. ಅರ್ಧ ದಾರಿಯಲ್ಲಿ ಮೋಡ ಕವಿದರೆ, ಟೈರು ತಣ್ಣಗಾಗಿ, ತೋಡಿಲ್ಲದೆ, ಕಡಮೆ ಗಾಳಿಯಲ್ಲಿ ಓಡುವ ಆ ಕಾರು ಮೇಲಿನ ಸೂತ್ರದ ಉದಾಹರಣೆಯಾಗುತ್ತದೆ. ಎದುರಿನಿಂದ ಬರುವ ಬಸ್ಸಿನವರು, ಪಕ್ಕದಲ್ಲಿ ನಡೆದುಹೋಗುವವರು ಇಂಥ ಪ್ರಯೋಗಕ್ಕೆ ಒಪ್ಪಿಗೆ ಕೊಟ್ಟವರಲ್ಲ.

8

ಇಷ್ಟು ವಿವೇಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಮೊದಲನೆಯದಾಗಿ, ನುಣುಪು ಟೈರು ಆಧುನಿಕ ಕಾಲದ ಶುದ್ಧವಾದ ಹೊಸ ಸೃಷ್ಟಿಯಲ್ಲ. ಟೈರಿನ ಮೂಲರೂಪವೇ ಅದು. ಆದರೆ ಮರಳಿ ಬಂದಾಗ ಅದು ಬೇರೆಯ ರಬ್ಬರಿನಿಂದ, ಬೇರೆಯ ನೆಲಕ್ಕಾಗಿ ಬಂದಿತು. ಆದಕಾರಣ ಇದನ್ನು ಕೇವಲ ಪುನರಾವರ್ತನೆಯೆನ್ನಲಾಗದು. ಎರಡನೆಯದಾಗಿ, ತೋಡಿನ ಅರ್ಥವು ಕಾಲಕಾಲಕ್ಕೆ ಬದಲಾಯಿತು. 1908ರಲ್ಲಿ ಅದು ಕೆಸರಿನ ಹಲ್ಲು. 1963ರ ಸಂಶೋಧನೆಯ ಬೆಳಕಿನಲ್ಲಿ ನೀರಿನ ಕಾಲುವೆ. 1998ರ ಪಂದ್ಯಪಥದಲ್ಲಿ ವೇಗಕ್ಕೆ ಹಾಕಿದ ಕಡಿವಾಣ. ಮೂರನೆಯದಾಗಿ, ಪಂದ್ಯಪಥ ಮತ್ತು ರಸ್ತೆ ಒಂದೇ ತಾಯಿಯ ಮಕ್ಕಳಾಗಿದ್ದು ಕ್ರಮೇಣ ಬೇರೆಯಾದವು. ಟ್ರ್ಯಾಕ್ ಡೇ ಎಂಬುದು ಆ ಇಬ್ಬರ ನಡುವೆ ಇನ್ನೂ ಉಳಿದಿರುವ ಹಾದಿ.

‘ಇವೆರಡರಲ್ಲಿ ಯಾವುದು ಸರಿ’ ಎಂಬ ಪ್ರಶ್ನೆಗೆ ನಾವು ಕೊಟ್ಟ ಉತ್ತರವನ್ನು ಇಲ್ಲಿ ಹೇಳಿ ಮುಗಿಸುತ್ತೇವೆ. ಎರಡೂ ಸರಿ, ತಮ್ಮ ತಮ್ಮ ನೆಲದಲ್ಲಿ. ಪಂದ್ಯಪಥದಲ್ಲಿ ಮಳೆ ಬಂದರೆ ಓಡುವುದನ್ನು ನಿಲ್ಲಿಸಬಹುದು, ಟೈರನ್ನು ಬದಲಾಯಿಸಬಹುದು. ಅಲ್ಲಿರುವವರೆಲ್ಲ ಅಪಾಯವನ್ನು ತಿಳಿದು ಬಂದವರು. ರಸ್ತೆಯಾದರೋ ಎಲ್ಲರದು. ಮಳೆ ಬಂದರೂ ಅಲ್ಲಿ ಹಾಲಿನವನು ಹೋಗಬೇಕು, ಶಾಲೆಯ ಮಕ್ಕಳು ಹೋಗಬೇಕು. ತೋಡೆಂಬುದು ಒಣಗಿದ ದಿನಗಳಲ್ಲಿ ನಾವು ಬಿಟ್ಟುಕೊಡುವ ಸ್ವಲ್ಪ ಹಿಡಿತ, ಒದ್ದೆಯಾಗುವ ಒಂದು ದಿನಕ್ಕಾಗಿ ಕಟ್ಟುವ ಕಂದಾಯ. ಆ ಕಂದಾಯವನ್ನು ಕಟ್ಟಿದವನಿಗೆ ಮಾತ್ರ ಎಲ್ಲರ ರಸ್ತೆಯಲ್ಲಿ ಓಡುವ ಹಕ್ಕು. ನಮ್ಮ ಹಳೆಯ ವಿದ್ಯಾರ್ಥಿಯು ಈಗ ಸಂಜೆಯ ಹೊತ್ತು ಎಷ್ಟೇ ದಣಿದಿದ್ದರೂ ಜ್ಯಾಕನ್ನು ಮತ್ತೊಮ್ಮೆ ಹಚ್ಚುತ್ತಾರೆಂದು ತಿಳಿದು ನಮಗೆ ಸಂತೋಷವಾಗಿದೆ.